ಶಾಂತಿಕಾಲದ ಪದಕ, ರಣರಂಗದ ಮರಣ

ಗಣರಾಜ್ಯೋತ್ಸವದ ದಿನ ಹುತಾತ್ಮ ಯೋಧನ ಪರವಾಗಿ ಪದಕ ಸ್ವೀಕರಿಸಲು ಬರುವ ಪತ್ನಿಯನ್ನು ದೂರದರ್ಶನದಲ್ಲಿ ಕಂಡಾಗ ನಮ್ಮ ಕಣ್ಣುಗಳು ತೇವಗೊಳ್ಳುತ್ತವೆ. ಆದರೆ ಒಬ್ಬರಿಗೆ ಅಶೋಕ ಚಕ್ರ, ಇನ್ನೊಬ್ಬರಿಗೆ ಮಹಾವೀರ ಚಕ್ರ ಏಕೆ ಎಂದು ನಾವು ವಿಚಾರಿಸುವುದು ಅಪರೂಪ.

ಬೇಗಂಪೇಟೆಯಲ್ಲಿ ನೆಲೆಸಿರುವ ನಮಗೆ ಇಬ್ಬರು ಕರ್ನಲ್‌ಗಳು ಒಟ್ಟಿಗೇ ನೆನಪಾಗುತ್ತಾರೆ. ಒಬ್ಬರು ನಮ್ಮ ತವರುನಾಡಿನವರು, ಮತ್ತೊಬ್ಬರು ನಮಗೆ ಅನ್ನವಿತ್ತ ನಾಡಿನವರು.

ಬೆಂಗಳೂರಿನಲ್ಲಿ 1967ರಲ್ಲಿ ಜನಿಸಿದ ಕರ್ನಲ್ ವಸಂತ್ ವೇಣುಗೋಪಾಲ್ ಅವರು 1989ರಲ್ಲಿ ಸೇನೆಯ ಅಧಿಕಾರಿಯಾದರು. ಮುಂದೆ ಮರಾಠಾ ಲೈಟ್ ಇನ್‌ಫೆಂಟ್ರಿಯ 9ನೇ ಬೆಟಾಲಿಯನ್‌ನ ಮುಖ್ಯಸ್ಥರಾದರು. 2007ರ ಜುಲೈ 31ರಂದು ಕಾಶ್ಮೀರದ ಉರಿ ವಲಯದ ದಟ್ಟ ಕಾಡಿನಲ್ಲಿ, ಗಡಿ ದಾಟಿ ಬಂದ ಉಗ್ರರ ತಂಡವನ್ನು ಅವರ ಪಡೆ ಸುತ್ತುವರಿಯಿತು. ಬೆಟಾಲಿಯನ್‌ನ ಮುಖ್ಯಸ್ಥರು ಹಿಂದಿನಿಂದ ಆದೇಶ ನೀಡಿದರೂ ಸಾಕಾಗುತ್ತಿತ್ತು. ಅವರು ಮುಂದೆ ನಿಂತರು. ಗುಂಡೇಟು ತಗುಲಿದ ಮೇಲೂ ಉಗ್ರರು ತಪ್ಪಿಸಿಕೊಳ್ಳುವ ದಾರಿಯನ್ನು ಬಿಟ್ಟುಕೊಡದೆ ಹೋರಾಡಿ ವೀರಮರಣವನ್ನಪ್ಪಿದರು. ಆಗ ಅವರ ವಯಸ್ಸು ನಲವತ್ತು. 2008ರ ಜನವರಿ 26ರಂದು ಶ್ರೀಮತಿ ಸುಭಾಷಿಣಿ ವಸಂತ್ ಅವರು ರಾಷ್ಟ್ರಪತಿ ಪ್ರತಿಭಾ ಪಾಟೀಲರಿಂದ ಅಶೋಕ ಚಕ್ರವನ್ನು ಸ್ವೀಕರಿಸಿದರು.

ಸೂರ್ಯಾಪೇಟೆಯ ಕರ್ನಲ್ ಸಂತೋಷ್ ಬಾಬು ಅವರು 16ನೇ ಬಿಹಾರ ರೆಜಿಮೆಂಟಿನ ಮುಖ್ಯಸ್ಥರು. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ಚೀನೀ ಸೈನಿಕರೊಡನೆ ನಡೆದ ಕಾಳಗದಲ್ಲಿ ಅವರೂ ಸೇರಿ ನಮ್ಮ 20 ಯೋಧರು ಪ್ರಾಣತೆತ್ತರು. ದೊಣ್ಣೆ, ಕಲ್ಲುಗಳ ಹೊಡೆದಾಟವದು. ಅವರಿಗೆ 2021ರಲ್ಲಿ ಮಹಾವೀರ ಚಕ್ರ ಘೋಷಣೆಯಾಯಿತು.

ಪರಮವೀರ, ಮಹಾವೀರ ಮತ್ತು ವೀರ ಚಕ್ರಗಳನ್ನು ‘ಶತ್ರುವಿನ ಸಮ್ಮುಖದಲ್ಲಿ’ ತೋರಿದ ಶೌರ್ಯಕ್ಕೆ ನೀಡುತ್ತಾರೆ. ಅಶೋಕ, ಕೀರ್ತಿ ಮತ್ತು ಶೌರ್ಯ ಚಕ್ರಗಳು ಅದಕ್ಕೆ ಹೊರತಾದ ಸಂದರ್ಭಗಳ ಶೌರ್ಯಕ್ಕೆ. ಇವನ್ನು ನಾಗರಿಕರೂ ಪಡೆಯಬಹುದು. ವಿಮಾನ ಅಪಹರಣಕಾರರಿಂದ ಪ್ರಯಾಣಿಕರನ್ನು ರಕ್ಷಿಸುತ್ತಾ ಮಡಿದ ನೀರಜಾ ಭಾನೋಟ್ ಅವರಿಗೂ ಅಶೋಕ ಚಕ್ರ ಸಂದಿದೆ. ಯುದ್ಧ ಘೋಷಣೆಯಾಗಿರಬೇಕೆಂದೇನೂ ಇಲ್ಲ. 1999ರ ಕಾರ್ಗಿಲ್‌ನಲ್ಲಿಯೂ ಪರಮವೀರ ಚಕ್ರಗಳನ್ನು ನೀಡಲಾಯಿತು. ಎದುರಿಗಿರುವುದು ಪರದೇಶದ ಸೇನೆಯಾದರೆ ಒಂದು ಸಾಲು, ಉಗ್ರರಾದರೆ ಸಾಮಾನ್ಯವಾಗಿ ಮತ್ತೊಂದು ಸಾಲು. ಹೀಗಾಗಿ ಬಂದೂಕು ಸದ್ದುಮಾಡದ ಗಾಲ್ವಾನ್ ಯುದ್ಧದ ಸಾಲಿಗೂ, ಗುಂಡಿನ ಮಳೆಗರೆದ ಉರಿಯ ಕಾಡು ಶಾಂತಿಕಾಲದ ಸಾಲಿಗೂ ಸೇರಿದವು.

ಇದರಿಂದ ವಸಂತ್ ಅವರ ಗೌರವಕ್ಕೆ ಕುಂದೇನೂ ಇಲ್ಲ. ರಾಷ್ಟ್ರದ ಪದಕಗಳ ಕ್ರಮದಲ್ಲಿ ಪರಮವೀರ ಚಕ್ರದ ನಂತರದ ಸ್ಥಾನ ಅಶೋಕ ಚಕ್ರದ್ದೇ. ಮಹಾವೀರ ಚಕ್ರ ಅದಕ್ಕಿಂತ ಕೆಳಗಿದೆ. ಆದರೂ ಪತ್ರಿಕೆಗಳು ರೂಢಿಯಂತೆ ಬರೆಯುವ ‘ಶಾಂತಿಕಾಲದ ಅತ್ಯುನ್ನತ ಪ್ರಶಸ್ತಿ’ ಎಂಬ ಮಾತು ನಮಗೇಕೋ ಒಪ್ಪಿಗೆಯಾಗದು. ಶಾಂತಿ ಇದ್ದದ್ದು ಬೇಗಂಪೇಟೆಯಲ್ಲಿ, ಬೆಂಗಳೂರಿನಲ್ಲಿ, ಉರಿಯಲ್ಲಲ್ಲ.

ಭರತನಾಟ್ಯ ಕಲಾವಿದೆಯಾದ ಸುಭಾಷಿಣಿಯವರು ಪತಿಯ ಮರಣಾನಂತರ ‘ವಸಂತರತ್ನ’ ಪ್ರತಿಷ್ಠಾನವನ್ನು ಸ್ಥಾಪಿಸಿ, ಹುತಾತ್ಮ ಯೋಧರ ಪತ್ನಿಯರಿಗೂ ಮಕ್ಕಳಿಗೂ ಆಸರೆಯಾದರು. ಅವರ ಪುತ್ರಿ ರುಕ್ಮಿಣಿ ವಸಂತ್ ಅವರನ್ನು ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ನಾಯಕಿಯಾಗಿ ನಮ್ಮ ಮನೆಯ ಮಕ್ಕಳು ಬಲ್ಲರು. ಆಕೆಯ ತಂದೆ ಯಾರೆಂದು ಕೇಳಿದರೆ, ಮಕ್ಕಳಿರಲಿ, ನಮ್ಮಲ್ಲಿಯೇ ಎಷ್ಟೋ ಮಂದಿ ಸುಮ್ಮನಾಗುತ್ತೇವೆ.