ಗೋಲ್ಕೊಂಡದ ಗೋಡೆಗುಂಟ ಒಂದು ಸುತ್ತು

ಹೈದರಾಬಾದಿಗೆ ಹೋದವರು ಗೋಲ್ಕೊಂಡ ನೋಡದೆ ಬರುವುದು ಕಡಿಮೆ. ಟಿಕೆಟ್ ಕೊಂಡು, ಬಾಲಾ ಹಿಸಾರ್ ಬಾಗಿಲಲ್ಲಿ ಚಪ್ಪಾಳೆ ತಟ್ಟಿ, ಮೆಟ್ಟಿಲು ಹತ್ತಿ, ತುದಿಯ ಬಾರಾದರಿಯಲ್ಲಿ ಫೋಟೊ ತೆಗೆದುಕೊಂಡು ಇಳಿಯುತ್ತಾರೆ. ಅವರು ನೋಡಿದ್ದು ಅರಸರ ಒಳಕೋಟೆ ಮಾತ್ರ. ಆ ತುದಿಯಿಂದ ಕೆಳಗೆ ಕಾಣುವ ಮನೆಗಳು, ಮಸೀದಿಗಳು, ಮರಗಳ ಗುಂಪು, ಅವೆಲ್ಲವನ್ನೂ ಒಳಗಿಟ್ಟುಕೊಂಡು ದೂರದಲ್ಲಿ ಬಾಗಿ ಹೋಗುವ ಕಲ್ಲಿನ ಗೋಡೆ, ಇವೂ ಗೋಲ್ಕೊಂಡವೇ. ಹೊರಗೋಡೆಯ ಸುತ್ತಳತೆ ಏಳು ಕಿಲೋಮೀಟರಿಗೂ ಹೆಚ್ಚು. ಕೊತ್ತಲಗಳು 87, ಬಾಗಿಲುಗಳು 8. ಇದನ್ನು ಅರಿಯಬೇಕಾದರೆ ಕಾಲ್ನಡಿಗೆಯಲ್ಲಿ ಒಂದು ಸುತ್ತು ಬರಬೇಕು.

ಲಂಗರ್ ಹೌಜ್ ಕಡೆಯಿಂದ ಬಂದು ಫತೇ ದರ್ವಾಜಾದಲ್ಲಿ ನಡಿಗೆ ಶುರು ಮಾಡುವುದು ಒಳ್ಳೆಯದು. ಹೆಸರಿಗೆ ವಿಜಯದ ಬಾಗಿಲು. ಆ ವಿಜಯ ಗೋಲ್ಕೊಂಡದವರದಲ್ಲ, ಔರಂಗಜೇಬನದು. 1687ರಲ್ಲಿ ಎಂಟು ತಿಂಗಳು ಮುತ್ತಿಗೆ ಹಾಕಿದರೂ ಮೊಘಲ್ ಸೇನೆಗೆ ಈ ಗೋಡೆ ಒಡೆಯಲಾಗಲಿಲ್ಲ. ಕೊನೆಗೆ ಒಳಗಿನವನೊಬ್ಬ ಲಂಚಕ್ಕೆ ಒಲಿದು ಬಾಗಿಲು ತೆಗೆದ. ಆನೆಗಳು ಗುದ್ದದಂತೆ ಬಡಿದ ಕಬ್ಬಿಣದ ಮೊನೆಗಳು ಕದದ ಮೇಲೆ ಇವತ್ತಿಗೂ ಇವೆ. ಅವುಗಳ ಕೆಳಗೇ ಈಗ ಆಟೋ, ಬೈಕು, ಶಾಲೆಯ ಮಕ್ಕಳು ನುಗ್ಗಿ ಹೋಗುತ್ತಾರೆ.

ಬಾಗಿಲು ದಾಟಿದರೆ ಊರು. ಹಾಳು ಕೋಟೆಯಲ್ಲ, ಜನ ಬದುಕುತ್ತಿರುವ ಊರು. ಬಡಾ ಬಜಾರಿನಲ್ಲಿ ಹಾಲಿನಂಗಡಿ, ಮಾಂಸದಂಗಡಿ, ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ದಾರಿ ಕೇಳಿದರೆ ದಖನಿಯಲ್ಲಿ ಉತ್ತರ ಬರುತ್ತದೆ. ಬೀದರ್, ಕಲಬುರಗಿ ಕಡೆಯವರಿಗೆ ಅದು ಮನೆಯ ಪಕ್ಕದ ಮಾತು. ವಜ್ರದ ವ್ಯಾಪಾರದಿಂದ ಲೋಕಕ್ಕೆ ಹೆಸರಾದದ್ದು ಈ ಊರು. ಆದರೆ ಗಣಿಗಳು ಇಲ್ಲಿರಲಿಲ್ಲ, ಕೊಲ್ಲೂರಿನಂತಹ ಗಣಿಗಳು ದೂರದ ಕೃಷ್ಣಾ ತೀರದಲ್ಲಿದ್ದವು. ಆಷಾಢ ಬಂದರೆ ಹೈದರಾಬಾದಿನ ಬೋನಾಲು ಹಬ್ಬ ಮೊದಲು ಶುರುವಾಗುವುದೂ ಕೋಟೆಯೊಳಗಿನ ಜಗದಂಬೆಯ ಗುಡಿಯಲ್ಲೇ.

ಮೋತಿ ದರ್ವಾಜಾದ ಬಳಿಯಿಂದ ಈಶಾನ್ಯಕ್ಕೆ ಹೊರಳಿದರೆ ನಯಾ ಖಿಲಾ, ಅಂದರೆ ಹೊಸ ಕೋಟೆ. 1656ರಲ್ಲಿ, ಇನ್ನೂ ರಾಜಕುಮಾರನಾಗಿದ್ದ ಔರಂಗಜೇಬ ಮೊದಲ ಸಲ ದಾಳಿ ಮಾಡಿದಾಗ ಅವನ ಸೇನೆಗೆ ಗೋಡೆಯ ಹೊರಗಿನ ಒಂದು ಗುಡ್ಡ ಅನುಕೂಲವಾಗಿತ್ತು. ದಾಳಿ ಮುಗಿದ ಮೇಲೆ ಗೋಲ್ಕೊಂಡದ ಸುಲ್ತಾನ ಅಬ್ದುಲ್ಲಾ ಕುತುಬ್ ಶಾಹ ಆ ಗುಡ್ಡವನ್ನೇ ಸುತ್ತುವರಿದು ಗೋಡೆ ಕಟ್ಟಿಸಿದ. ಇಲ್ಲಿನ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಕಟ್ಟಿದವರು ಬಂಡೆಯನ್ನು ಕಡಿದು ತೆಗೆಯುವ ಗೋಜಿಗೆ ಹೋಗದೆ ಅದನ್ನೇ ಅಡಿಪಾಯ ಮಾಡಿಕೊಂಡು ಮೇಲೆ ಗೋಡೆ ಏರಿಸಿದ್ದಾರೆ.

ನಯಾ ಖಿಲಾದಲ್ಲಿ ತಪ್ಪದೆ ನೋಡಬೇಕಾದ್ದು ‘ಹಾಥಿಯಾನ್ ಕಾ ಝಾಡ್’, ಆನೆಯಂತಹ ಮರ. ಅದು ಆಫ್ರಿಕಾ ಮೂಲದ ಬಾವೋಬಾಬ್. ನಾನೂರು ವರ್ಷಕ್ಕೂ ಹಳೆಯದೆನ್ನುತ್ತಾರೆ. ಬುಡದ ಸುತ್ತಳತೆ ಇಪ್ಪತ್ತೈದು ಮೀಟರಿಗೂ ಹೆಚ್ಚು, ಮೇಲೆ ಜನ ಒಳಗಿಳಿಯುವಷ್ಟು ದೊಡ್ಡ ಪೊಟರೆ. ಸವಣೂರಿನ ದೊಡ್ಡಹುಣಸೆ ಮಠದ ಮರಗಳನ್ನು ಕಂಡವರಿಗೆ ಈ ಜಾತಿ ಹೊಸದಲ್ಲ. ಸಂಕಟದ ವಿಷಯವೆಂದರೆ ಹೊಸ ಕೋಟೆಯ ಬಹುಭಾಗ ಈಗ ಗಾಲ್ಫ್ ಮೈದಾನವಾಗಿದೆ. ಮರವನ್ನೂ ಪಕ್ಕದ ಹಳೆಯ ಮಸೀದಿಯನ್ನೂ ನೋಡಲು ಕಾವಲುಗಾರರನ್ನು ಕೇಳಿ ಹೋಗಬೇಕು. ರಕ್ಷಿತ ಸ್ಮಾರಕದ ಒಡಲಲ್ಲಿ ಆಟದ ಹುಲ್ಲು ಬೆಳೆಸಿದ್ದು ಸರಿಯಲ್ಲವೆಂದು ಇತಿಹಾಸಾಸಕ್ತರು ಆಕ್ಷೇಪಿಸುತ್ತ ಬಂದಿದ್ದಾರೆ. ನನಗೂ ಅದು ಒಪ್ಪಿಗೆಯಿಲ್ಲ.

ಅಲ್ಲಿಂದ ಬಂಜಾರಾ ದರ್ವಾಜಾದ ಮೂಲಕ ಉತ್ತರಕ್ಕೆ ಹೊರಟರೆ ಸುಮಾರು ಒಂದು ಕಿಲೋಮೀಟರಿನಲ್ಲಿ ಕುತುಬ್ ಶಾಹಿ ಗೋರಿಗಳು. ಊರಿನವರ ಬಾಯಲ್ಲಿ ಅದು ಸಾತ್ ಗುಂಬಜ್. ಬೀದರಿನ ಅಷ್ಟೂರಿನಲ್ಲಿ ಬಹಮನಿ ಗುಮ್ಮಟಗಳನ್ನು ನೋಡಿದವರು ಇಲ್ಲಿ ಅವುಗಳ ಮುಂದಿನ ತಲೆಮಾರನ್ನು ನೋಡುತ್ತಾರೆ. ಕುತುಬ್ ಶಾಹಿ ವಂಶದ ಮೊದಲಿಗ ಸುಲ್ತಾನ್ ಕುಲಿ ಇರಾನಿನಿಂದ ಬಂದು ಬೀದರಿನ ದರ್ಬಾರಿನಲ್ಲಿ ಸೇವೆ ಮಾಡಿ ಮೇಲೆ ಬಂದವನಲ್ಲವೇ? ಹಾಗಾಗಿ ಗುಮ್ಮಟದ ಕಲೆಯೂ ಅವನ ಹಿಂದೆಯೇ ಇತ್ತ ಬಂತು. ಇಲ್ಲಿ ಅದು ಕಮಲದ ಎಸಳುಗಳ ನಡುವಿನಿಂದ ಎದ್ದು ನಿಲ್ಲುತ್ತದೆ.

ಕನ್ನಡಿಗರು ತುಸು ಹೆಚ್ಚು ಹೊತ್ತು ನಿಲ್ಲಬೇಕಾದ್ದು ಇಬ್ರಾಹಿಂ ಕುತುಬ್ ಶಾಹನ ಗೋರಿಯೆದುರು. 1543ರಲ್ಲಿ ಸುಲ್ತಾನ್ ಕುಲಿಯ ಕೊಲೆಯಾಗಿ, ಮಗ ಜಂಷೀದ್ ಗದ್ದುಗೆ ಹಿಡಿದಾಗ, ತಮ್ಮ ಇಬ್ರಾಹಿಂ ಜೀವ ಉಳಿಸಿಕೊಳ್ಳಲು ಮೊದಲು ಬೀದರಿಗೆ, ಅಲ್ಲಿಂದ ವಿಜಯನಗರಕ್ಕೆ ಓಡಿದ. ಅಳಿಯ ರಾಮರಾಯ ಅವನಿಗೆ ಆಸರೆ ಕೊಟ್ಟ. ಸುಮಾರು ಏಳು ವರ್ಷ ತುಂಗಭದ್ರೆಯ ದಡದಲ್ಲಿ ಬದುಕಿದ ಆ ತರುಣ 1550ರಲ್ಲಿ ಹಿಂದಿರುಗಿ ಸುಲ್ತಾನನಾದ. ತೆಲುಗು ಕವಿಗಳನ್ನು ಪ್ರೀತಿಯಿಂದ ಪೋಷಿಸಿದ, ಅವರ ಕಾವ್ಯಗಳಲ್ಲಿ ಮಲ್ಕಿಭರಾಮನಾದ. ಅದೇ ಇಬ್ರಾಹಿಂ 1565ರ ತಾಳಿಕೋಟೆ ಯುದ್ಧದಲ್ಲಿ, ತನಗೆ ಅನ್ನ ಹಾಕಿದ ರಾಮರಾಯನ ಎದುರು ನಿಂತ ಸುಲ್ತಾನರಲ್ಲಿ ಒಬ್ಬ. ಹಂಪಿಯ ಕಥೆಯನ್ನು ಕಲಿಯುವ ನಮ್ಮ ಮಕ್ಕಳಿಗೆ ಈ ಅಧ್ಯಾಯವನ್ನೂ ಹೇಳಬೇಕು.

ಗೋರಿಗಳ ಆವರಣವನ್ನು ಆಗಾ ಖಾನ್ ಟ್ರಸ್ಟ್ ಮತ್ತು ತೆಲಂಗಾಣ ಸರ್ಕಾರ ಸೇರಿ ದುರಸ್ತಿ ಮಾಡಿದ ರೀತಿ ಮೆಚ್ಚತಕ್ಕದ್ದು. ಮಳೆಗೆ ಕುಸಿದಿದ್ದ ಬಡೀ ಬಾವ್ಲಿ ಎಂಬ ಮೆಟ್ಟಿಲುಬಾವಿಯ ಗೋಡೆಯನ್ನು ಮತ್ತೆ ಎಬ್ಬಿಸಿ ನೀರು ನಿಲ್ಲುವಂತೆ ಮಾಡಿದ್ದಾರೆ. ಇಲ್ಲಿನ ಮೆಟ್ಟಿಲುಬಾವಿಗಳ ಕೆಲಸಕ್ಕೆ 2022ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು.

ಮರಳುವಾಗ ಬಾಲಾ ಹಿಸಾರ್ ಬಾಗಿಲ ನೆತ್ತಿಯನ್ನು ಒಮ್ಮೆ ನೋಡಿ. ಗರಿಬಿಚ್ಚಿದ ನವಿಲುಗಳು, ಅವುಗಳ ಕೆಳಗೆ ನಮ್ಮ ದೇವಾಲಯಗಳ ಕಂಬಗಳಲ್ಲಿ ಕಾಣುವಂತಹ ಯಾಳಿಗಳು. ಅಲ್ಲಿಂದ ಫತೇ ದರ್ವಾಜಾಗೆ ನೇರ ದಾರಿ. ಸುತ್ತು ಪೂರ್ತಿಯಾಯಿತು.

ಪೂರ್ತಿ ಎಂದರೂ ಗೋಡೆಯ ಬುಡದಲ್ಲೇ ಎಲ್ಲ ಕಡೆ ನಡೆಯಲಾಗುವುದಿಲ್ಲ. ಕೆಲವೆಡೆ ಸೇನೆಯ ನೆಲ, ಕೆಲವೆಡೆ ಕಂದಕ ಮುಚ್ಚಿ ಎದ್ದ ಮನೆ, ಕೆಲವೆಡೆ ಕಸದ ರಾಶಿ. ಇಂಗ್ಲೆಂಡಿನಲ್ಲಾದರೋ ಹಳ್ಳಿಯಿಂದ ಹಳ್ಳಿಗೆ ಸುತ್ತು ಹಾಕಿ ಹೊರಟಲ್ಲಿಗೇ ಬರುವ ಕಾಲುದಾರಿಗಳಿವೆ. ರೈತರ ಹೊಲದ ನಡುವೆ ಹಾದರೂ ಅವನ್ನು ಯಾರೂ ಮನಬಂದಂತೆ ಮುಚ್ಚುವಂತಿಲ್ಲ. 1949ರ ಕಾನೂನಿನಂತೆ ಪ್ರತಿ ಜಿಲ್ಲೆಯ ಕಾಲುದಾರಿಗಳನ್ನೂ ಅಧಿಕೃತ ನಕ್ಷೆಗೆ ಏರಿಸಿದ್ದಾರೆ. ನಮ್ಮಲ್ಲಿ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟಬಾರದೆಂಬ ಕಾನೂನಿದೆ, ಆದರೆ ಸುತ್ತಿ ನಡೆಯುವವನ ದಾರಿಗೆ ಅಂತಹ ರಕ್ಷಣೆ ಸಿಕ್ಕಿಲ್ಲ.

ಪುರಾತತ್ವ ಇಲಾಖೆ ಮತ್ತು ತೆಲಂಗಾಣ ಪ್ರವಾಸೋದ್ಯಮ ಇಲಾಖೆ ದೊಡ್ಡ ಖರ್ಚೇನೂ ಮಾಡಬೇಕಿಲ್ಲ. ಎಂಟು ಬಾಗಿಲುಗಳ ಬಳಿ ಒಂದೊಂದು ನಕ್ಷೆ, ತಿರುವುಗಳಲ್ಲಿ ಬಾಣದ ಗುರುತು, ಕಸ ಎತ್ತುವ ಏರ್ಪಾಡು ಇಷ್ಟಾದರೆ ಈ ಸುತ್ತು ನಾಡಿನ ಒಳ್ಳೆಯ ನಡಿಗೆಗಳಲ್ಲಿ ಒಂದಾಗುತ್ತದೆ. ಅಲ್ಲಿಯವರೆಗೆ ಕಾಯಬೇಡಿ. ನವೆಂಬರಿನಿಂದ ಫೆಬ್ರವರಿಯೊಳಗೆ, ಬಿಸಿಲೇರುವ ಮೊದಲೇ ಹೊರಡಿ. ಗೋರಿಗಳ ಆವರಣದ ರಜಾದಿನ ವಿಚಾರಿಸಿಕೊಳ್ಳಿ, ನೀರು ಜೊತೆಗಿರಲಿ, ಅರ್ಧ ದಿನ ಕೈಯಲ್ಲಿಟ್ಟುಕೊಳ್ಳಿ.