ಹಿಮದ ನಡುವೆ ಬಾಯಾರಿಕೆ: ಸರ್ವೈವಲ್ ಗೇಮ್‌ಗಳಲ್ಲಿ ನೀರಿನ ಲೆಕ್ಕ

ದಟ್ಟ ಕಾಡಿನಲ್ಲೋ ಮರುಭೂಮಿಯಲ್ಲೋ ಪಾಳುಬಿದ್ದ ಊರಿನಲ್ಲೋ ಸಿಕ್ಕಿಬಿದ್ದ ಒಬ್ಬ ವ್ಯಕ್ತಿಯನ್ನು ಆದಷ್ಟು ದಿನ ಜೀವಂತವಾಗಿ ಉಳಿಸಿಕೊಳ್ಳುವುದೇ ಸರ್ವೈವಲ್ ಗೇಮ್ ಎಂಬ ವಿಡಿಯೋ ಗೇಮ್ ಪ್ರಕಾರದ ತಿರುಳು. ಚಳಿ, ಹಸಿವು, ಗಾಯ, ನಿದ್ದೆ, ದಾಹ ಎಲ್ಲವನ್ನೂ ಆಟಗಾರನೇ ನೋಡಿಕೊಳ್ಳಬೇಕು. ಇವುಗಳಲ್ಲಿ ದಾಹ ಹೆಚ್ಚು ಹೊತ್ತು ಕಾಯುವುದಿಲ್ಲ. ಊಟವಿಲ್ಲದೆ ಮನುಷ್ಯ ವಾರಗಟ್ಟಲೆ ಬದುಕಬಲ್ಲ; ನೀರಿಲ್ಲದೆ ಬದುಕುವುದು ಸುಮಾರು ಮೂರು ದಿನ. ಬಿಸಿಲು ಜೋರಾಗಿದ್ದರೆ ಅದಕ್ಕೂ ಕಡಿಮೆ. ಆಟಗಳಲ್ಲಿ ಈ ಒತ್ತಡವನ್ನು ತೆರೆಯ ಮೂಲೆಯ ಒಂದು ಪುಟ್ಟ ಪಟ್ಟಿ ತೋರಿಸುತ್ತದೆ. ಹೊತ್ತು ಕಳೆದಂತೆ ಪಟ್ಟಿ ಇಳಿಯುತ್ತದೆ, ನೀರು ಕುಡಿದರೆ ಏರುತ್ತದೆ, ತಳ ಮುಟ್ಟಿದರೆ ಪ್ರಾಣಶಕ್ತಿ ಕರಗತೊಡಗುತ್ತದೆ.

ಎಲ್ಲ ಆಟಗಳೂ ಈ ಲೆಕ್ಕ ಇಡುವುದಿಲ್ಲ. 2011ರಲ್ಲಿ ಪೂರ್ಣ ರೂಪದಲ್ಲಿ ಬಂದ ಮೈನ್‌ಕ್ರಾಫ್ಟ್‌ನಲ್ಲಿ ಹಸಿವಿದೆ, ದಾಹವಿಲ್ಲ. ನಾಲ್ಕು ಚೌಕದ ಗುಂಡಿ ತೋಡಿ, ಎದುರುಬದುರು ಮೂಲೆಗಳಿಗೆ ಎರಡು ಬಕೆಟ್ ನೀರು ಸುರಿದರೆ ಎಂದೂ ಬತ್ತದ ಹೊಂಡ ಸಿದ್ಧ. ಅಲ್ಲಿ ನೀರು ಒಂದು ಕಟ್ಟಡ ಸಾಮಗ್ರಿ ಮಾತ್ರ. ಇದಕ್ಕೆ ವಿರುದ್ಧ ತುದಿಯಲ್ಲಿ ನಿಲ್ಲುವ ಆಟಗಳ ಬೇರು ಹಳೆಯದು. 1971ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಶಿಕ್ಷಕ ತರಬೇತಿಯಲ್ಲಿದ್ದ ಮೂವರು ತರುಣರು ಇತಿಹಾಸದ ಪಾಠಕ್ಕೆಂದು ರೂಪಿಸಿದ ‘ದಿ ಆರೆಗಾನ್ ಟ್ರೇಲ್’, ಹತ್ತೊಂಬತ್ತನೇ ಶತಮಾನದಲ್ಲಿ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೋದವರ ಕಥೆ. ಅದರ 1985ರ ಆವೃತ್ತಿಯಲ್ಲಿ ದಾರಿಯ ಕೆಟ್ಟ ನೀರು ಪಯಣಿಗರ ಆರೋಗ್ಯ ಕೆಡಿಸುತ್ತಿತ್ತು. ಆಮಶಂಕೆಯಿಂದ ಸಾಯುವುದು ಆ ಆಟದ ಅತ್ಯಂತ ಪ್ರಸಿದ್ಧ ಸಂಗತಿಯಾಗಿ ಉಳಿಯಿತು. ಕಣ್ಣೆದುರು ನೀರಿದ್ದರೂ ಅದು ಕುಡಿಯುವ ನೀರಾಗಿರಬೇಕಿಲ್ಲ ಎಂಬ ಪಾಠ ಶಾಲಾ ಮಕ್ಕಳಿಗೆ ತಲುಪಿದ್ದು ಹೀಗೆ.

ನೀರಿನ ಸೆಲೆ

ವಾಸ್ತವಕ್ಕೆ ಹತ್ತಿರವಿರುವ ಆಟಗಳಲ್ಲಿ ನೀರಿನ ಮೂಲವನ್ನು ಆಯಾ ನೆಲವೇ ನಿರ್ಧರಿಸುತ್ತದೆ. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋ 2017ರಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿದ ‘ದಿ ಲಾಂಗ್ ಡಾರ್ಕ್’ ಉತ್ತರ ಕೆನಡಾದ ಚಳಿಗಾಲದಲ್ಲಿ ನಡೆಯುತ್ತದೆ. ಸುತ್ತಲೂ ಹಿಮವಿದೆ, ಆದರೆ ಕುಡಿಯಲು ಹನಿ ನೀರಿಲ್ಲ. ಕಟ್ಟಿಗೆ ಆಯ್ದು, ಬೆಂಕಿ ಹಚ್ಚಿ, ಡಬ್ಬಿಯಲ್ಲೋ ಪಾತ್ರೆಯಲ್ಲೋ ಹಿಮ ಕರಗಿಸಬೇಕು. ಕರಗಿದ ನೀರನ್ನು ಮತ್ತೆ ಕುದಿಸಬೇಕು. ಒಲೆಯ ಮೇಲೆ ಮರೆತುಬಿಟ್ಟರೆ ಅದೂ ಆವಿಯಾಗಿ ಹೋಗುತ್ತದೆ. ಹೀಗೆ ನೀರಿನ ಕೊರತೆ ಇಲ್ಲಿ ಕಟ್ಟಿಗೆಯ ಕೊರತೆಯಾಗಿ, ಹಗಲಿನ ಕೊರತೆಯಾಗಿ ಎದುರಾಗುತ್ತದೆ.

ಇದರ ಹಿಂದಿನ ಭೌತವಿಜ್ಞಾನ ಗಟ್ಟಿಯಾದದ್ದು. ಶೂನ್ಯ ಡಿಗ್ರಿಯಲ್ಲಿರುವ ಒಂದು ಗ್ರಾಂ ಹಿಮ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಕರಗಿದ ಆ ನೀರು ಕುದಿಯುವ ಮಟ್ಟಕ್ಕೆ ಏರಲು ಇನ್ನೂ 100 ಕ್ಯಾಲೊರಿ ಬೇಕು. ಅಂದರೆ ಉರಿಸಿದ ಕಟ್ಟಿಗೆಯ ಅರ್ಧಕ್ಕೆ ತುಸು ಕಡಿಮೆ ಶಾಖ ಹಿಮವನ್ನು ನೀರಾಗಿಸುವುದಕ್ಕೇ ಮುಗಿದಿರುತ್ತದೆ. ಹಿಮವನ್ನು ಹಾಗೆಯೇ ತಿಂದರೆ ಈ ಶಾಖವನ್ನು ದೇಹವೇ ಕೊಡಬೇಕು. ಅದಕ್ಕಾಗಿಯೇ ಹಿಮಪ್ರದೇಶದಲ್ಲಿ ಸಿಕ್ಕಿಬಿದ್ದವರಿಗೆ ಹಿಮ ತಿನ್ನಬೇಡಿ, ಕರಗಿಸಿ ಕುಡಿಯಿರಿ ಎಂದು ಹೇಳಲಾಗುತ್ತದೆ.

ಸಮುದ್ರದ ಆಟಗಳಲ್ಲಿ ತೊಡಕು ಇನ್ನೊಂದು ಬಗೆಯದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮನುಷ್ಯನ ಮೂತ್ರಪಿಂಡಗಳಿಗೆ ಅಷ್ಟು ಉಪ್ಪಾದ ಮೂತ್ರ ತಯಾರಿಸುವ ಶಕ್ತಿಯಿಲ್ಲ. ಕುಡಿದ ಉಪ್ಪನ್ನು ಹೊರಹಾಕಲು ದೇಹ ತನ್ನಲ್ಲಿದ್ದ ನೀರನ್ನೇ ಖರ್ಚು ಮಾಡುತ್ತದೆ. ‘ರಾಫ್ಟ್’ ಆಟದಲ್ಲಿ ತೆಪ್ಪದ ಮೇಲೆ ತೇಲುವ ಆಟಗಾರ ಈ ಕಾರಣಕ್ಕೆ ಹಲಗೆ ಉರಿಸಿ ಉಪ್ಪುನೀರನ್ನು ಸಿಹಿನೀರಾಗಿಸಿಕೊಳ್ಳಬೇಕು. ‘ಸ್ಟ್ರಾಂಡೆಡ್ ಡೀಪ್’ನಲ್ಲಿ ಎಳನೀರು ಸಿಗುತ್ತದೆ, ಅತಿಯಾದರೆ ಭೇದಿ ಹಿಡಿಯುತ್ತದೆ. 2018ರ ‘ಸಬ್‌ನಾಟಿಕಾ’ ಇಡೀ ಒಂದು ಸಾಗರ ಗ್ರಹದ ಕಥೆ. ಮೊದಮೊದಲು ಒಂದು ಜಾತಿಯ ಮೀನು ಹಿಡಿದು ಅದರಿಂದ ನೀರು ತೆಗೆಯಬೇಕು. ಮುಂದೆ ವಿದ್ಯುತ್ತಿನಿಂದ ನಡೆಯುವ ಶೋಧಕ ಯಂತ್ರ ಕಟ್ಟಿಕೊಂಡರೆ ನೀರು, ಉಪ್ಪು ಎರಡೂ ಬೇರೆಬೇರೆಯಾಗಿ ದೊರೆಯುತ್ತವೆ.

ಮರುಭೂಮಿಯ ಲೆಕ್ಕ ಎಲ್ಲಕ್ಕಿಂತ ಬಿಗಿ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಕಾದಂಬರಿಯ ಲೋಕವನ್ನು ಆಧರಿಸಿ 2025ರಲ್ಲಿ ಬಂದ ‘ಡ್ಯೂನ್: ಅವೇಕನಿಂಗ್’ ಆಟದಲ್ಲಿ ಗಿಡಗಳ ಮೇಲಿನ ಇಬ್ಬನಿಯನ್ನು ಕೊಯ್ಯಬೇಕು, ಗಾಳಿಯ ತೇವವನ್ನು ಹಿಡಿಯಬೇಕು, ಬೆವರನ್ನು ಮತ್ತೆ ನೀರಾಗಿಸುವ ಉಡುಪು ತೊಡಬೇಕು. ಬಿಸಿಲಿಗೆ ಮೈಯೊಡ್ಡಿ ನಡೆದರೆ ನೀರು ಬೇಗ ಖಾಲಿ. ಬಂಡೆಯ ನೆರಳು ಹಿಡಿದು ಹೋದರೆ ಉಳಿತಾಯ. ಹೊಸ ನೀರು ಹುಡುಕುವುದಕ್ಕಿಂತ ಒಳಗಿರುವ ನೀರನ್ನು ಕಾಯ್ದುಕೊಳ್ಳುವುದು ಸುಲಭ ಎಂಬ ಮರುಭೂಮಿಯ ವಿವೇಕ ಇಲ್ಲಿ ಆಟದ ನಿಯಮವಾಗಿದೆ.

ಕುಡಿಯುವಂತಾಗಿಸುವುದು

ಸಿಕ್ಕ ನೀರನ್ನು ನೇರವಾಗಿ ಬಾಯಿಗೆ ಹಾಕುವ ಆಟಗಾರ ಬೇಗ ಬೆಲೆ ತೆರುತ್ತಾನೆ. ‘ಡೇಝೀ’ಯಲ್ಲಿ ಊರಿನ ಕೈಪಂಪಿನ ನೀರು ಸುರಕ್ಷಿತ, ಕೆರೆಯ ನಿಂತ ನೀರು ಕಾಲರಾ ತರುತ್ತದೆ. ಅಮೆಜಾನ್ ಮಳೆಕಾಡಿನ ‘ಗ್ರೀನ್ ಹೆಲ್’ನಲ್ಲಿ ಕೊಳೆ ನೀರಿನೊಂದಿಗೆ ಪರಾವಲಂಬಿ ಹುಳುಗಳು ಹೊಟ್ಟೆ ಸೇರುತ್ತವೆ. ಅಲ್ಲಿ ತೆಂಗಿನ ಚಿಪ್ಪನ್ನೇ ಬೋಗುಣಿ ಮಾಡಿ ನೀರು ಕಾಯಿಸಬೇಕು. ‘ದಿ ಲಾಂಗ್ ಡಾರ್ಕ್’ನಲ್ಲಿ ಕುದಿಸದ ನೀರು ಕುಡಿದವನಿಗೆ ಆಮಶಂಕೆ ಅಂಟಿಕೊಂಡರೆ ಔಷಧಿಯ ಜೊತೆ ಗಂಟೆಗಟ್ಟಲೆ ವಿಶ್ರಾಂತಿಯೂ ಬೇಕು. ರೋಗದ ಹೊಡೆತ ಎರಡು ಕಡೆಯಿಂದ ಬೀಳುತ್ತದೆ: ಭೇದಿಯಿಂದ ದೇಹದ ನೀರು ಹರಿದುಹೋಗುತ್ತದೆ, ನೀರು ತರಲು ಹೋಗುವ ಶಕ್ತಿಯೂ ಉಳಿಯುವುದಿಲ್ಲ.

ಇದಕ್ಕೆ ಆಟಗಳು ಹೇಳುವ ಪರಿಹಾರಗಳು ನಿಜ ಜೀವನದವೇ: ಕುದಿಸುವುದು, ಕ್ಲೋರಿನ್ ಮಾತ್ರೆ, ಶೋಧನೆ. ನೀರು ಒಂದು ನಿಮಿಷ ಕೊತಕೊತ ಕುದಿದರೆ ರೋಗಾಣುಗಳು ಸಾಯುತ್ತವೆ. ಸಮುದ್ರ ಮಟ್ಟದಿಂದ 2000 ಮೀಟರಿಗಿಂತ ಎತ್ತರದ ಜಾಗಗಳಲ್ಲಿ ನೀರು ಕಡಿಮೆ ಉಷ್ಣತೆಯಲ್ಲೇ ಕುದಿಯುವುದರಿಂದ ಮೂರು ನಿಮಿಷ ಬೇಕು. ಆಟಗಳು ಮರೆಯುವುದು ರಾಸಾಯನಿಕಗಳನ್ನು. ಕುದಿಸಿದರೆ ಉಪ್ಪು, ಆರ್ಸೆನಿಕ್, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಆಳದ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆ ಒಲೆಯ ಮೇಲೆ ಬಗೆಹರಿಯದಿರುವುದು ಇದೇ ಕಾರಣಕ್ಕೆ.

ಕೂಡಿಡುವುದು, ಹೊರುವುದು

ಶೇಖರಣೆಯ ಪಾಠವನ್ನು ಚೆನ್ನಾಗಿ ಕಲಿಸುವ ಆಟ ‘ಪ್ರಾಜೆಕ್ಟ್ ಝೋಂಬಾಯ್ಡ್’. 1993ರ ಜುಲೈನಲ್ಲಿ ಅಮೆರಿಕದ ಕೆಂಟಕಿಯ ಊರೊಂದರಲ್ಲಿ ಆರಂಭವಾಗುವ ಈ ಆಟದಲ್ಲಿ ಮೊದಲಿಗೆ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಸಾಮಾನ್ಯವಾಗಿ ಮೊದಲ ತಿಂಗಳೊಳಗೆ ಯಾವುದೋ ಒಂದು ದಿನ, ಮುನ್ಸೂಚನೆಯಿಲ್ಲದೆ, ಪೂರೈಕೆ ನಿಲ್ಲುತ್ತದೆ. ಅಷ್ಟರೊಳಗೆ ಸಿಕ್ಕ ಪಾತ್ರೆ, ಬಾಟಲಿಗಳನ್ನೆಲ್ಲ ತುಂಬಿಟ್ಟವನು ಉಳಿಯುತ್ತಾನೆ. ಆಮೇಲೆ ಹಲಗೆ, ಮೊಳೆ, ಪ್ಲಾಸ್ಟಿಕ್ ಚೀಲಗಳಿಂದ ಮಳೆನೀರಿನ ತೊಟ್ಟಿ ಕಟ್ಟಬೇಕು. ಆ ನೀರನ್ನೂ ಕುದಿಸಿಯೇ ಕುಡಿಯಬೇಕು.

ಮಳೆಕೊಯ್ಲಿನ ಲೆಕ್ಕ ಸರಳ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಒಂದು ಲೀಟರ್ ನೀರು. 20 ಚದರ ಮೀಟರಿನ ಚಾವಣಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರ್. ಸೋರಿಕೆ, ಆವಿ ಕಳೆದರೂ ಒಬ್ಬರಿಗೆ ವಾರಗಟ್ಟಲೆ ಕುಡಿಯಲು ಸಾಕು. ಬಹುತೇಕ ಆಟಗಳು ಚಾವಣಿಯನ್ನು ಮರೆತು ತೊಟ್ಟಿಯ ಬಾಯಿಗೆ ಬಿದ್ದ ಮಳೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ.

ಇನ್ನು ಹೊರೆ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ‘ದಿ ಲಾಂಗ್ ಡಾರ್ಕ್’ ಈ ತೂಕವನ್ನು ಹಾಗೆಯೇ ಉಳಿಸಿಕೊಂಡಿದೆ. ನಾಲ್ಕು ಲೀಟರ್ ನೀರು ಹೊತ್ತವನು ನಾಲ್ಕು ಕಿಲೋ ಮಾಂಸವನ್ನೋ ಕಟ್ಟಿಗೆಯನ್ನೋ ಬಿಟ್ಟು ಹೋಗಬೇಕಾಗಬಹುದು. ದೂರದ ಪಯಣವೆಂದರೆ ನೀರಿನ ತಾಣದಿಂದ ನೀರಿನ ತಾಣಕ್ಕೆ ಹಾಕಿಕೊಂಡ ದಾರಿಯಾಗುತ್ತದೆ. ಮರುಭೂಮಿಯ ಒಂಟೆ ಸಾರ್ಥಗಳು ಬಾವಿಯಿಂದ ಬಾವಿಗೆ ಸಾಗುತ್ತಿದ್ದದ್ದು ಇದೇ ಲೆಕ್ಕದಿಂದ.

ಆಟಗಳು ಬಿಟ್ಟುಬಿಡುವ ಸಂಗತಿಗಳು

ವಾಸ್ತವದಿಂದ ದೂರ ಸರಿಯಲು ಆಟಗಳಿಗೆ ಕಾರಣಗಳಿವೆ. ಆಟದ ಒಂದು ದಿನ ನಮ್ಮ ಗಡಿಯಾರದ ದಿನಕ್ಕಿಂತ ಬಹಳ ಬೇಗ ಮುಗಿಯುವುದರಿಂದ ದಾಹವೂ ಓಡಬೇಕಾಗುತ್ತದೆ. ನಿಜವಾದ ನಿರ್ಜಲೀಕರಣದ ಲಕ್ಷಣಗಳಾದ ತಲೆನೋವು, ಮಂಕು, ಗೊಂದಲ ಬಹುಪಾಲು ಒಂದು ಪಟ್ಟಿಯ ಇಳಿಕೆಯಲ್ಲೇ ಅಡಗಿಬಿಡುತ್ತವೆ. ಆಟಗಾರ ಕುಡಿಯುತ್ತಾನೆ ಅಷ್ಟೆ. ತೊಳೆಯುವುದು, ಮೀಯುವುದು ಅಪರೂಪ. ವಿಪತ್ತಿನ ಶಿಬಿರಗಳಿಗೆ ನೆರವು ಸಂಸ್ಥೆಗಳು ಪಾಲಿಸುವ ಸ್ಫಿಯರ್ ಮಾನದಂಡವು ಕುಡಿಯಲು, ಅಡುಗೆಗೆ, ಶುಚಿತ್ವಕ್ಕೆ ಸೇರಿ ದಿನಕ್ಕೆ ತಲಾ ಕನಿಷ್ಠ 15 ಲೀಟರ್ ನೀರು ಬೇಕೆನ್ನುತ್ತದೆ. ಇದು ಕುಡಿಯಲು ಬೇಕಾದ ಎರಡು ಮೂರು ಲೀಟರಿಗಿಂತ ಹಲವು ಪಟ್ಟು ಹೆಚ್ಚು.

ದೊಡ್ಡ ಕುಂದು ಇರುವುದು ಬೇರೆಡೆ. ಈ ಆಟಗಳ ಬಾವಿ ಸಾಮಾನ್ಯವಾಗಿ ಬತ್ತುವುದಿಲ್ಲ, ಪಕ್ಕದ ಜಮೀನಿನ ಪಂಪು ಅದರ ಮಟ್ಟವನ್ನು ಇಳಿಸುವುದಿಲ್ಲ, ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರಿಲ್ಲ. ನಿಜ ಜೀವನದಲ್ಲಿ ಕೊರತೆ ಹುಟ್ಟುವುದು ಹೆಚ್ಚಾಗಿ ಈ ಹಂಚಿಕೆಯಲ್ಲಿಯೇ. ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತು. 1992ರಿಂದ 1996ರವರೆಗೆ ಮುತ್ತಿಗೆಯಲ್ಲಿದ್ದ ಬೋಸ್ನಿಯಾದ ಸರಾಯೆವೊ ನಗರದಿಂದ ಪ್ರೇರಣೆ ಪಡೆದ ಈ ಆಟದಲ್ಲಿ ಒಂದೇ ಮನೆಯಲ್ಲಿ ಬಚ್ಚಿಟ್ಟುಕೊಂಡ ಸಾಮಾನ್ಯ ಜನ ಮಳೆನೀರು ಸೋಸಿ ಅಡುಗೆಗೆ ಬಳಸುತ್ತಾರೆ. ಸೋಸಲು ಶೋಧಕ ಬೇಕು. ಶೋಧಕಕ್ಕೆ ಬೇಕಾದ ಸಾಮಗ್ರಿಯನ್ನು ರಾತ್ರಿ ಹೊರಗೆ ಹೋಗಿ ಹುಡುಕಿ ತರಬೇಕು. ಮುತ್ತಿಗೆಯ ಕಾಲದಲ್ಲಿ ಸರಾಯೆವೊದ ಜನ ನಗರದ ಬಿಯರ್ ಕಾರ್ಖಾನೆಯ ಒರತೆಯ ಮುಂದೆ ಡಬ್ಬಿ ಹಿಡಿದು ಸಾಲುಗಟ್ಟಿ ನಿಲ್ಲುತ್ತಿದ್ದರು, ಶೆಲ್ ದಾಳಿಯ ಅಪಾಯದ ನಡುವೆಯೂ.

ಇಷ್ಟಾಗಿಯೂ ಈ ಆಟಗಳು ಕಲಿಸುವ ಪಾಠ ಸಣ್ಣದಲ್ಲ. ಒಂದು ಲೋಟ ನೀರಿನ ಹಿಂದೆ ಹುಡುಕಾಟ, ಉರುವಲು, ಪಾತ್ರೆ, ಕಾಯುವಿಕೆ, ಹೊರೆ ಎಲ್ಲವೂ ಇವೆ ಎಂಬುದನ್ನು ನಲ್ಲಿಯ ಮನೆಯಲ್ಲಿ ಬೆಳೆದ ಮಕ್ಕಳಿಗೆ ಅವು ಕೈಯಾರೆ ಮಾಡಿಸಿ ತಿಳಿಸುತ್ತವೆ. ಬಳಸಿದಷ್ಟೂ ಇಳಿಯುವ ಅಂತರ್ಜಲವನ್ನು, ಒಂದೇ ಬಾವಿಯನ್ನು ಹತ್ತು ಮನೆಗಳು ಹಂಚಿಕೊಳ್ಳಬೇಕಾದ ಕಷ್ಟವನ್ನು ಆಟದ ನಿಯಮವಾಗಿಸುವ ಕೆಲಸ ಆಟ ರೂಪಿಸುವವರ ಮುಂದೆ ಇನ್ನೂ ಉಳಿದಿದೆ.