ಮರಳ ಮೇಲೆ ನಿಂತ ‘ಚಪಲ್’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳಿಗೆ ನೀರೆಂದರೆ ಭೀಮೆ, ಕೃಷ್ಣೆ. ಹೆಚ್ಚೆಂದರೆ ಆಲಮಟ್ಟಿಯ ಹಿನ್ನೀರು. ಚಳಿಗಾಲದಲ್ಲಿ ಶಾಲಾ ಪ್ರವಾಸದ ಬಸ್ಸು ಹೊರಟು, ಕೊಲ್ಹಾರದಲ್ಲಿ ಗಟ್ಟಿ ಮೊಸರಿಗೆಂದು ನಿಂತು, ಕೃಷ್ಣೆಯ ಉದ್ದನೆಯ ಸೇತುವೆ ದಾಟಿ, ಹುಬ್ಬಳ್ಳಿ, ಯಲ್ಲಾಪುರ ಹಿಂದಿಕ್ಕಿ, ಅರಬೈಲ್ ಘಟ್ಟ ಇಳಿದು ಕಾರವಾರ ಮುಟ್ಟುವ ಹೊತ್ತಿಗೆ ಅರ್ಧ ಮಕ್ಕಳಿಗೆ ನಿದ್ದೆ, ಉಳಿದವರಿಗೆ ವಾಂತಿ. ಆದರೆ ರವೀಂದ್ರನಾಥ ಟ್ಯಾಗೋರ್ ಕಡಲತೀರ ಕಂಡದ್ದೇ ತಡ, ಎಲ್ಲರಿಗೂ ಎಚ್ಚರ. ಒಂದು ಕಡೆ ಆಚೆ ದಡವೇ ಇಲ್ಲದ ನೀರು. ಈ ಕಡೆ, ಮರಳಿನ ಮಗ್ಗುಲಲ್ಲಿ, ಬೂದು ಬಣ್ಣದ ಹಡಗು. ನೀರಲ್ಲಿರಬೇಕಾದದ್ದು ನೆಲದ ಮೇಲೇಕಿದೆ ಎಂಬುದು ಮಕ್ಕಳ ಮೊದಲ ಪ್ರಶ್ನೆ. ಎರಡನೆಯದು: “ಸರ್, ಇದ ಏನ್ರಿ ಕರಾಚಿ ಸುಟ್ಟದ್ದು?”

ಹೌದೆಂದು ಬಿಡುವವರೇ ಹೆಚ್ಚು. ಜೊತೆಗೆ ಬಂದ ಹಿರಿಯರು ಹಾಗೆ ಹೇಳುತ್ತಾರೆ, ಎಷ್ಟೋ ಬರಹಗಳಲ್ಲೂ ಹಾಗೆಯೇ ಬಂದಿದೆ. 1971ರ ಯುದ್ಧದಲ್ಲಿ ಕರಾಚಿಗೆ ಬೆಂಕಿಯಿಟ್ಟ ವೀರನೌಕೆ ಇದೇ ಎಂದು. ಕೇಳಲು ರೋಮಾಂಚನವಾಗುತ್ತದೆ, ನಿಜ. ಆದರೆ ಐಎನ್‌ಎಸ್ ಚಪಲ್ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್ 4ರಂದು. ಯುದ್ಧ ಮುಗಿದು ಐದು ವರ್ಷಕ್ಕೆ!

ಕರಾಚಿಯ ಕಥೆ ಬೇರೆ ಹಡಗುಗಳದು. 1971ರ ಡಿಸೆಂಬರ್ 4ರ ರಾತ್ರಿ ಅಲ್ಲಿಗೆ ನುಗ್ಗಿದ್ದು ನಿಪಾತ್, ನಿರ್ಘಾಟ್ ಮತ್ತು ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. ಬೆಂಗಾವಲಿಗೆ ಕಿಲ್ತಾನ್ ಮತ್ತು ಕಚ್ಚಲ್ ಎಂಬ ಹಡಗುಗಳಿದ್ದವು. ದೋಣಿಗಳ ದಂಡನ್ನು ನಡೆಸಿದ ಕಮಾಂಡರ್ ಬಬ್ರು ಭಾನ್ ಯಾದವ್ ಅವರಿಗೆ ಮಹಾವೀರ ಚಕ್ರ ದೊರೆಯಿತು. ಕರಾವಳಿ ಕಾಯಲೆಂದು ಸೋವಿಯತ್ ದೇಶ ಕಟ್ಟಿಕೊಟ್ಟ ಪುಟ್ಟ ದೋಣಿಗಳನ್ನು ಶತ್ರುವಿನ ಬಾಗಿಲಿಗೇ ಒಯ್ದದ್ದು ಅಂದಿನ ಜಾಣ್ಮೆ. ಪಾಕಿಸ್ತಾನದ ಖೈಬರ್ ಎಂಬ ವಿಧ್ವಂಸಕ ನೌಕೆ, ಮುಹಾಫಿಜ್ ಎಂಬ ಸುರಂಗಶೋಧಕ ನೌಕೆ ಆ ರಾತ್ರಿಯೇ ಮುಳುಗಿದವು. ನಾಲ್ಕು ದಿನ ಬಿಟ್ಟು ‘ವಿನಾಶ್’ ಹೋಗಿ ತೈಲ ಸಂಗ್ರಹಾಗಾರಕ್ಕೆ ಬೆಂಕಿ ಹಚ್ಚಿತು. ಡಿಸೆಂಬರ್ 4 ಇಂದಿಗೂ ನೌಕಾಪಡೆ ದಿನ. ಆ ಗೆಲುವು ಬಿಟ್ಟಿಯಾಗಿ ಬಂದದ್ದೂ ಅಲ್ಲ. ಡಿಸೆಂಬರ್ 9ರಂದು ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಮುಳುಗಿದ ನಮ್ಮ ‘ಖುಕ್ರಿ’ಯೊಂದಿಗೆ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 194 ಮಂದಿ ಸಮುದ್ರದ ಪಾಲಾದರು.

ಚಪಲ್ ಆ ಕುಟುಂಬದ ತಂಗಿ ಎನ್ನಬಹುದು. ಕರಾಚಿಯಲ್ಲಿ ಕೈ ಕಂಡ ಮೇಲೆ ಅದೇ ಜಾತಿಯ ಸುಧಾರಿತ ದೋಣಿಗಳು ಇನ್ನೂ ಎಂಟು ಬಂದವು, ಅವುಗಳಲ್ಲಿ ಇದೊಂದು. ಅಕ್ಕ–ತಂಗಿಯರ ವ್ಯತ್ಯಾಸವನ್ನು ಅಲ್ಲಿ ನಿಂತೇ ಕಣ್ಣಾರೆ ನೋಡಬಹುದು. 1971ರ ದೋಣಿಗಳಲ್ಲಿ ಕ್ಷಿಪಣಿ ಇಡುವ ಗೂಡುಗಳು ಪೆಟ್ಟಿಗೆಯಾಕಾರದವು. ಮುಂದೆ ಕ್ಷಿಪಣಿಯ ರೆಕ್ಕೆ ಮಡಚುವಂತೆ ಮಾಡಿದ್ದರಿಂದ ದುಂಡನೆಯ ಕೊಳವೆಗಳೇ ಸಾಕಾದವು. ಚಪಲ್ ಮೇಲಿರುವುದು ಆ ದುಂಡು ಕೊಳವೆಗಳು, ನಾಲ್ಕು. ಸುಳ್ಳಿಗೆ ಉತ್ತರ ಹಡಗಿನ ಬೆನ್ನ ಮೇಲೆಯೇ ಇದೆ!

ಹೆಸರಿನ ಬಗ್ಗೆಯೂ ಒಂದು ಮಾತು. ‘ಚಪಲ’ ಎಂದೊಡನೆ ನಮಗೆ ನೆನಪಾಗುವುದು ನಾಲಿಗೆಯ ಚಪಲ. ಇಲ್ಲಿನದು ಸಂಸ್ಕೃತದ ಚಪಲ, ಅಂದರೆ ಚುರುಕು. ‘ಚಾಪೆಲ್’ ಎಂದು ಬರೆದು ಆ ಅರ್ಥವನ್ನೂ ಕೆಡಿಸುವವರುಂಟು.

ಚುರುಕು ಹೇಗೆ ಬಂತು? ಒಳಹೊಕ್ಕರೆ ಗೊತ್ತಾಗುತ್ತದೆ, ತಲೆ ಮಾತ್ರ ಜೋಪಾನ, ಬಾಗಿಲುಗಳು ಕುಳ್ಳು. ಸುಮಾರು 39 ಮೀಟರ್ ಉದ್ದ, ಇನ್ನೂರು ಟನ್ನಿಗೂ ಮಿಕ್ಕ ತೂಕ. ಓಡಿಸಲು ಮೂರು ಡೀಸೆಲ್ ಎಂಜಿನ್ನು, ಒಂದೊಂದಕ್ಕೂ 56 ಸಿಲಿಂಡರು, ಒಂದೊಂದರ ಬಲ ಐದು ಸಾವಿರ ಅಶ್ವಶಕ್ತಿ. ನಮ್ಮ ಹೊಲಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳನ್ನು ಸಾಲಾಗಿ ಕಟ್ಟಿದರೆ ಮುನ್ನೂರಕ್ಕೂ ಹೆಚ್ಚು ಬೇಕು. ಆ ಗದ್ದಲದ ಪಕ್ಕದಲ್ಲೇ ಮೂವತ್ತರಷ್ಟು ಜನರ ಊಟ, ನಿದ್ದೆ, ಕೆಲಸ. ಅವರ ಬದುಕು ಹೇಗಿತ್ತೆಂದು ತೋರಿಸಲು ಕ್ಯಾಪ್ಟನ್, ನಾವಿಕರ ಗೊಂಬೆಗಳನ್ನು ಇಟ್ಟಿದ್ದಾರೆ. ಕ್ಷಿಪಣಿಯೋ, ಅರ್ಧ ಟನ್ನಿನಷ್ಟು ಸಿಡಿತಲೆ ಹೊತ್ತು ನಲವತ್ತು ಕಿಲೋಮೀಟರ್ ಹಾರುವಂಥದು. ಬಸವನ ಬಾಗೇವಾಡಿಯಲ್ಲಿ ಹಾರಿಸಿದರೆ ವಿಜಯಪುರದ ಹೊರವಲಯ ನಡುಗೀತು. ಗುಮ್ಮಟದ ಊರಿನ 55 ಟನ್ನಿನ ಮಲಿಕ್–ಎ–ಮೈದಾನ್ ತೋಪನ್ನು ನೋಡಿ ಬಾಯಿ ತೆರೆದ ಮಕ್ಕಳಿಗೆ ಈ ಲೆಕ್ಕ ಬೇಗ ಹಿಡಿಸುತ್ತದೆ.

ಯುದ್ಧದ ನೆನಪು ಆ ಸೀಮೆಗೆ ಹೊಸದೂ ಅಲ್ಲ. 1565ರಲ್ಲಿ ವಿಜಯನಗರದ ಹಣೆಬರಹ ಬರೆದ ಕಾಳಗಕ್ಕೆ ಅಂಟಿಕೊಂಡ ಹೆಸರುಗಳು ತಾಳಿಕೋಟೆ, ರಕ್ಕಸಗಿ, ತಂಗಡಗಿ. ಎಲ್ಲವೂ ಮುದ್ದೇಬಿಹಾಳ ಸೀಮೆಯವು. ಕಾಳಗ ನಿಖರವಾಗಿ ಎಲ್ಲಿ ನಡೆಯಿತೆಂದು ಪಂಡಿತರು ಇನ್ನೂ ವಾದಿಸುತ್ತಾರೆ. ನಾಲ್ಕೂವರೆ ಶತಮಾನದ ಹಿಂದಿನ ಗೊಂದಲ ಕ್ಷಮ್ಯ. ಮೊನ್ನೆ ಮೊನ್ನೆ ನಡೆದ, ದಾಖಲೆ ಕೈಯಲ್ಲೇ ಇರುವ ಯುದ್ಧಕ್ಕೆ ಬೇರೆ ಹಡಗನ್ನು ಅಂಟಿಸುವುದಕ್ಕೆ ಯಾವ ನೆವ? ಹಾಗೆ ಅಂಟಿಸಿದರೆ ನಿಪಾತ್, ನಿರ್ಘಾಟ್, ವೀರ್ ಮೇಲಿದ್ದವರ ಸಾಹಸವನ್ನು ಕಿತ್ತುಕೊಂಡಂತಲ್ಲವೇ?

ಹಾಗಾದರೆ ಚಪಲ್ ಏನು ಮಾಡಿತು? ಕಾಯಿತು. 2005ರ ಮೇ 5ರಂದು ನಿವೃತ್ತಿಯಾಗುವವರೆಗೆ, ಇಪ್ಪತ್ತೆಂಟೂವರೆ ವರ್ಷ. ಆ ಅವಧಿಯಲ್ಲಿ ಕಡಲಲ್ಲಿ ನಮಗೆ ಯುದ್ಧವೇ ಒದಗಲಿಲ್ಲ. ಮನೆ ಕಾಯುವವನಿದ್ದಾನೆಂದೇ ಕಳ್ಳ ಬಾರದ ರಾತ್ರಿಗಳನ್ನು ಯಾರೂ ಲೆಕ್ಕ ಇಡುವುದಿಲ್ಲ.

ಅದೇ ತಿಂಗಳ 31ರಂದು ಕಾರವಾರದ ದಕ್ಷಿಣಕ್ಕಿರುವ ಅರ್ಗಾದಲ್ಲಿ ನೌಕಾನೆಲೆ ‘ಐಎನ್‌ಎಸ್ ಕದಂಬ’ ಸೇವೆಗೆ ಸೇರಿತು. ‘ಸೀಬರ್ಡ್’ ಎಂದು ಹೆಸರಾದ ಈ ಯೋಜನೆಗಾಗಿ ಕರಾವಳಿಯ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನು ಹಿಡಿಯುವ ತೀರ ಬಿಟ್ಟೆದ್ದವು. ವಸ್ತುಸಂಗ್ರಹಾಲಯದಲ್ಲಿ ಹುಡುಕಬೇಕಾದ ಕಥೆ ಅದಲ್ಲವಾದರೂ, ಹಿನ್ನೀರಿಗೆ ಹಳೆಯ ಊರನ್ನೇ ಕೊಟ್ಟ ಕೊಲ್ಹಾರದ ಹಿರಿಯರು ಜೊತೆಗಿದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಡಗಿನ ಎದುರು ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯಿದೆ, 2006ರ ನವೆಂಬರ್ 7ರಂದು ಅನಾವರಣಗೊಂಡದ್ದು. ಕಾರವಾರದ ಬಳಿಯ ಚೆಂಡಿಯಾದ ಇವರು 1948ರಲ್ಲಿ ಕಾಶ್ಮೀರದ ನೌಶೇರಾ–ರಜೌರಿ ದಾರಿಯಲ್ಲಿ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿ, ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದವರು. ಕಡಲೂರಿನ ಮನೆತನದವರು ಬೆಟ್ಟದಲ್ಲಿ ಹೋರಾಡಿದರು! ಪಕ್ಕದಲ್ಲೇ 1988ರಿಂದ 2017ರವರೆಗೆ ಸಮುದ್ರದ ಮೇಲೆ ಗಸ್ತು ಹಾರಿದ ಟಿಯು–142ಎಂ ವಿಮಾನವೂ ಬಂದು ನಿಂತಿದೆ. ಬಿಡಿಬಿಡಿಯಾಗಿ ಲಾರಿಗಳಲ್ಲಿ ತಂದು ಇಲ್ಲಿ ಜೋಡಿಸಿದ್ದು.

ನಡುಮಧ್ಯಾಹ್ನ ಲೋಹದ ಡೆಕ್ಕು ಕಾದು ಕಾಲು ಸುಡುತ್ತದೆ. ಬೆಳಗಿನ ಹೊತ್ತು ಅಥವಾ ಇಳಿಹೊತ್ತು ಹೋಗುವುದು ಮೇಲು. ಇಳಿದ ಮೇಲೆ ಮಕ್ಕಳು ನೀರಿಗೋಡುತ್ತಾರೆ. ಮರಳಿ ಬಸ್ಸು ಹತ್ತುವಾಗ ಯಾರಾದರೊಬ್ಬರ ಕೈಯಲ್ಲಿ ಕಡಲ ನೀರು ತುಂಬಿದ ಬಾಟಲಿ ಇದ್ದೇ ಇರುತ್ತದೆ, ಮನೆಯಲ್ಲಿ ಅಜ್ಜಿಗೆ ಉಪ್ಪು ತೋರಿಸಲು.